ಎಡಗಡೆಯ ಎರಡನೆಯ ಹಲ್ಲು

ಬಿಸಿಲಲ್ಲಿ ಸ್ಪಿರಿಟ್ ದೀಪದ ಉರಿ ಕಾಣುವುದಿಲ್ಲ, ಬತ್ತಿಯ ಮೇಲೆ ಗಾಳಿ ಮಾತ್ರ ನಡುಗುತ್ತದೆ, ಕಿಟಕಿಯ ಪರದೆ ಎಳೆದರೆ ನೀಲಿ ಮೊನೆ, ಇದೆ, ಇಷ್ಟು ಸಾಕು — ಕಟ್ಟುಹಲ್ಲಿನ ಮೇಣದ ಸೆಟ್ಟನ್ನು ಎಡಗೈಯಲ್ಲಿ ಹಿಡಿದು ಉರಿಯ ಪಕ್ಕದಿಂದ ದಾಟಿಸಬೇಕು, ನಿಲ್ಲಿಸಬಾರದು, ಹಾದುಹೋದ ಕಡೆ ಗುಲಾಬಿ ಮೇಣ ಒಂದು ಗಳಿಗೆ ನೀರಾಗಿ ಮತ್ತೆ ಗಟ್ಟಿಯಾಗುತ್ತದೆ, ಚಾಕುವಿನ ಗೀರೆಲ್ಲ ಮುಚ್ಚಿ ಒಸಡು ಈಗಷ್ಟೇ ನಾಲಿಗೆ ಆಡಿಸಿದ ಹಾಗೆ ಹೊಳೆಯುತ್ತದೆ, ಆಮೇಲೆ ತಣ್ಣೀರು, ಸಾಬೂನು, ಒದ್ದೆ ರೇಷ್ಮೆಯ ಚೂರು. ಶಹಾಬಾದಿನಲ್ಲಿ ಕಲ್ಲಿನ ಗಣಿಯ ಧೂಳು ಎಲ್ಲದರ ಮೇಲೂ ಕೂರುತ್ತದೆ, ಮೇಣದ ಮೇಲೆ ಕೂತರೆ ಹೊಳಪು ಸತ್ತುಹೋಗುತ್ತದೆ, ಅದಕ್ಕೆ ಪಕ್ಕದಲ್ಲಿ ಬೋಗುಣಿ, ಮುಚ್ಚಲಿಕ್ಕೆ. ಬೆಳಿಗ್ಗೆ ಹೊಳಪು ಚೆನ್ನಾಗಿಯೇ ಬಂದಿತ್ತು, ಅದನ್ನು ಯಾರೂ ದೂರಲಿಲ್ಲ. ಮತ್ತೆ ಕೂತದ್ದು ಒಂದು ಹಲ್ಲಿನ ಸಲುವಾಗಿ, ಮೇಲಿನ ಸಾಲು, ಎಡಗಡೆ, ನಡುವಿನಿಂದ ಎರಡನೆಯದು. ಅದನ್ನು ನೆಟ್ಟಗೆ ಮಾಡು ಎಂದು ಹೇಳಿ, ಈ ಸೆಟ್ಟು ಹಾಕಿಕೊಳ್ಳಬೇಕಾದ ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ನಾಲವಾರದ ಗಾಡಿಗೆ ಇನ್ನೂ ಹೊತ್ತಿದೆ, ನಾನು ಕೆಲಸ ಮಾಡುವ ಈ ಹಲ್ಲಿನ ದವಾಖಾನೆಯ ಕಸ ಹೊಡೆಯುವ ಆಶಾಬಿ ಅವಳ ಜೊತೆ ಮಾತಿಗೆ ಕೂತಿದ್ದಾಳೆ, ಇಬ್ಬರ ದನಿಯೂ ಕೇಳುತ್ತದೆ, ನಾನು ಕೇಳುತ್ತಿಲ್ಲ. ಸೊಟ್ಟ ಹಲ್ಲು ನನ್ನ ಗಂಡನದು. ಅಂದರೆ ಅವರ ಹಲ್ಲಲ್ಲ, ಪೆಟ್ಟಿಗೆಯಲ್ಲಿ ಸಾಲಾಗಿ ಬರುವ ಹಲ್ಲುಗಳಲ್ಲಿ ಒಂದು, ನಾನೇ ಮೇಣದಲ್ಲಿ ನೆಟ್ಟದ್ದು, ನೆಡುವಾಗ ನೆಟ್ಟಗೇ ಇತ್ತು. ಬೆಳಿಗ್ಗೆ ಹೊಳಪು ಕೊಡುವಾಗ ಉರಿ ಅಲ್ಲಿ ಬೇಕಾದ್ದಕ್ಕಿಂತ ಚೂರು ಹೆಚ್ಚು ನಿಂತಿತು, ಬುಡದ ಮೇಣ ಕರಗಿತು, ಹಲ್ಲು ಪಕ್ಕದ ಹಲ್ಲಿನ ಮೇಲೆ ಅರ್ಧ ಏರಿ ಹೆಗಲು ತಿರುಗಿಸಿ ನಿಂತಿತು, ಆಗ ನನ್ನ ಕೈ ನಿಂತಿತು. ನನ್ನ ಗಂಡನ ಬಾಯಲ್ಲಿ ಆ ಹಲ್ಲು ಹೀಗೆಯೇ ಇತ್ತು, ಅವರು ನಕ್ಕರೆ ಮೊದಲು ಅದೇ ಕಾಣುತ್ತಿತ್ತು. ಸರಿಮಾಡಬಹುದಿತ್ತು. ಸರಿಮಾಡಲಿಲ್ಲ, ಹಾಗೆಯೇ ಇಟ್ಟು ಸುತ್ತಲೂ ರೇಷ್ಮೆಯಿಂದ ಉಜ್ಜಿದೆ, ಎಂದಿಗಿಂತ ಹೆಚ್ಚು ಹೊತ್ತು.

ಅವರು ಕಾಮಾಲೆಯಲ್ಲಿ ಹೋಗಿ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ. ಅಳು ಬರಲಿಲ್ಲ, ಈಗಲೂ ಬಂದಿಲ್ಲ, ಅದಕ್ಕೆ ಓಣಿಯಲ್ಲಿ ಏನೇನೋ ಅಂದರು, ಧಾರವಾಡದಾಗ ಕೆಮಿಸ್ಟ್ರಿ ಓದಿದಾಕಿ, ಕಣ್ಣೀರಿಗೂ ಫಾರ್ಮುಲಾ ಬೇಕಂತ ಕಾಣ್ತದ ಅಂದರು, ಇರಲಿ. ಅಳು ದೊಡ್ಡ ವಿಷಯವಲ್ಲ. ಮುಖ ನೆನಪಾಗುವುದಿಲ್ಲ, ಅದು ವಿಷಯ. ಅಂಗಿಯ ಬಣ್ಣ ಬರುತ್ತದೆ, ಚಪ್ಪಲಿ ಬಿಡುತ್ತಿದ್ದ ರೀತಿ ಬರುತ್ತದೆ, ಮುಖದ ಜಾಗದಲ್ಲಿ ಏನೂ ಇಲ್ಲ. ಇರುವ ಒಂದೇ ಫೋಟೋ ವಾಡಿಯ ಮೆಹತಾಬನ ಸ್ಟುಡಿಯೋದ್ದು, ನಗಬ್ಯಾಡ್ರಿ ಸಾಹೇಬ್ರ, ಸೊಟ್ಟ ಹಲ್ಲು ಫೋಟೋದಾಗ ಕತ್ತಲ ಬೀಳ್ತದ ಎಂದು ಮೆಹತಾಬ ಹೇಳಿದ, ಅವರು ಬಾಯಿ ಮುಚ್ಚಿಕೊಂಡರು, ಹಾಗಾಗಿ ಅದು ಯಾರದ್ದೋ ಫೋಟೋ. ಇಷ್ಟು ದಿನಗಳಲ್ಲಿ ಅವರದ್ದೆಂದು ಗುರುತು ಸಿಕ್ಕಿದ್ದು ಈ ಮೇಣದಲ್ಲಿ ಮಾತ್ರ. ಬೆಳಿಗ್ಗೆ ಇದನ್ನು ಅತ್ತೆಯ ಬಾಯಿಗೆ ಇಟ್ಟು ನೋಡುವ ಮೊದಲು ಅವಳದೇ ಒಂದು ತಕರಾರು, ಈ ಮೇಣ ಯಾವ ಪ್ರಾಣಿದು ಅದವಾ, ಲಿಂಗಪೂಜಿ ಮಾಡ್ಕೊಳ್ಳಾಕಿ ನಾ, ಜೇನುಹುಳದ್ದು ಅತ್ತಿ ಅಂದೆ, ಕಡಿಯೋದಿಲ್ಲ ತಾನೇ ಅಂದಳು, ಡಾಕ್ಟರ್ ಖಂಡಪ್ಪ ನಕ್ಕರು, ಬಾಯಿ ತೆಗೀರಿ ವಿಮಲಾಬಾಯಿ, ಕಡಿಯೋದು ನೀವ. ಸೆಟ್ಟು ಕೂತಿತು. ಬೋಳು ಬಾಯಿಯಲ್ಲಿ ಗಲ್ಲ ತುಂಬಿ ಅತ್ತೆ ಒಮ್ಮೆಗೇ ಯಾರೋ ಆದಳು, ಆಶಾಬಿ ಬಾಗಿಲಲ್ಲಿ ಪೊರಕೆ ಹಿಡಿದುಕೊಂಡೇ, ಅಯ್ ಬಾಯಿ, ಇನ್ನ ನಿಮಗ ಸಂಬಂಧ ನೋಡಬಹುದು ನೋಡ್ರಿ ಅಂದಳು, ಅತ್ತೆ ನಕ್ಕಳು, ನಗುತ್ತಲೇ ಕನ್ನಡಿ ನೋಡಿಕೊಂಡಳು, ನಗು ಅಲ್ಲಿಯೇ ನಿಂತಿತು. ನಾನೂ ಕನ್ನಡಿಯಲ್ಲಿ ನೋಡಿದೆ. ಅತ್ತೆ ಎರಡೂ ಕೈಯಿಂದ ಸೆಟ್ಟು ಹೊರಗೆ ತೆಗೆದು ನನ್ನ ಕೈಗಿಟ್ಟಳು. ಒಂದು ಹಲ್ಲು ಸೊಟ್ಟ ಇದ್ರ ಖರೇ ಹಲ್ಲಿನಂಗ ಕಾಣ್ತದ ವಿಮಲಾಬಾಯಿ, ಇಟ್ಟರ ಇಡ್ರಿ, ತೆಗದ್ರ ತೆಗೀರಿ, ಆದ್ರ ಇವತ್ತ ಹೇಳ್ರಿ, ನಾಳೆ ಕುದಿಯೋ ನೀರಾಗ ಮೇಣ ಹೋಗಿಬಿಡ್ತದ, ಆ ಜಾಗಕ್ಕ ಗಟ್ಟಿ ಪ್ಲಾಸ್ಟಿಕ್ ಬರ್ತದ, ಆಮ್ಯಾಲ ಹಲ್ಲು ಅಳ್ಳಾಡಂಗಿಲ್ಲ ಎಂದು ಹೇಳಿ ಡಾಕ್ಟರು ಬೇರೆ ಪೇಷಂಟ್ ಕಡೆ ಹೋದರು. ನಾನು ಇರಲಿ ಅತ್ತಿ ಅಂದೆ. ಕೇಳಿಕೊಳ್ಳುವ ಅಭ್ಯಾಸ ನನಗಿಲ್ಲ, ಆದರೂ ಎರಡು ಸಲ ಅಂದೆ. ಬ್ಯಾಡ ಅಂದಳು ಅತ್ತೆ. ಅದು ಅವನದು. ದಿನಾ ಅವನ ಬಾಯಿಲೆ ರೊಟ್ಟಿ ತಿನ್ಲೇನು ನಾ, ಹಲ್ಲ ತೊಳಿಯೋಮುಂದ ಅವನ್ನ ತೆಗೆದು ನೀರಾಗ ಇಡ್ಲೇನು. ಹಾಲಹಲ್ಲು ಬಿದ್ದ ಮ್ಯಾಲ ಅದೊಂದ ಸೊಟ್ಟ ಬಂತು, ದಿನಾ ಹೆಬ್ಬೆರಳಿಲೆ ಒತ್ತೋ ಗುರು, ನೆಟ್ಟಗಾಗ್ತದ ಅಂತ ಹೇಳಿ ಹೇಳಿ ಸಾಕಾತು, ಒತ್ತಲಿಲ್ಲ ಭಾಡ್ಯಾ, ನನ್ನ ಮಾತು ಯಾವಾಗ ಕೇಳಿದ್ದ. ಸೆರಗಿನಿಂದ ಬಾಯಿ ಒರೆಸಿಕೊಂಡಳು. ನೆಟ್ಟಗ ಮಾಡವಾ.

ಚಾಕು ಕಾಯಿಸಬೇಕು, ಕೆಂಪಾಗುವಷ್ಟಲ್ಲ. ಬುಡದಲ್ಲಿ ಆಡಿಸಿದರೆ ಮೇಣ ಮೆತ್ತಗಾಗುತ್ತದೆ, ಆಯಿತು, ಈಗ ಹಲ್ಲು ಸಡಿಲ. ಮಾಡಿದ್ದೇನೆ ಎಂದು ಹಾಗೆಯೇ ಬಿಡಬಹುದು, ಅತ್ತೆಯ ಕಣ್ಣಿಗೆ ಪೊರೆ ಇದೆ, ಕೂದಲೆಳೆಯಷ್ಟು ತಿರುವು ಉಳಿದರೆ ತಿಳಿಯದು, ತಿಳಿಯುತ್ತದೆ, ಹೆತ್ತವಳು — ಇಕ್ಕಳ ಇಲ್ಲಿ ಹಿಡಿಯುವುದಿಲ್ಲ, ಜಾರುತ್ತದೆ, ಬೆರಳೇ ಬೇಕು, ಹೆಬ್ಬೆರಳು ಇಟ್ಟೆ, ಒತ್ತಿದೆ, ಎಷ್ಟು ಸುಲಭ, ಬಾಗಿಲ ಅಗುಳಿಯ ಹಾಗೆ ತಿರುಗಿ ಸಾಲಿನಲ್ಲಿ ಕೂತಿತು, ಬಿಸಿ ಇದೆ, ಚರ್ಮ ಸುಡುತ್ತದೆ, ಗಟ್ಟಿಯಾಗುವವರೆಗೆ ಬಿಡಬಾರದು. ನೆಟ್ಟಗಾಯಿತು. ಉರಿ ದಾಟಿಸಿದೆ, ನಿಲ್ಲಿಸಲಿಲ್ಲ, ತಣ್ಣೀರು, ಸಾಬೂನು, ರೇಷ್ಮೆ ಸುತ್ತಿಕೊಂಡು ಹೆಬ್ಬೆರಳು ಹಲ್ಲಿನ ಬುಡದ ಸುತ್ತ, ಮೇಲೆ, ಕೆಳಗೆ, ಮೇಲೆ, ಹೊಳಪು ಬರುತ್ತಿದೆ, ಬೆಳಗಿನದಕ್ಕಿಂತ ಚೆನ್ನಾಗಿ, ಚಾಕು ಆಡಿದ ಗುರುತೂ ಇಲ್ಲ, ಹೆಬ್ಬೆರಳು ಮೇಲೆ, ಹೆಬ್ಬೆರಳು — ವಾಡಿ ಜಂಕ್ಷನ್, ಎರಡನೇ ಪ್ಲಾಟ್‌ಫಾರ್ಮ್, ಗಾಡಿ ತಡ, ಅವರು ಕಬ್ಬಿಣದ ಕಂಬಕ್ಕೆ ಒರಗಿ ಪೇಪರ್ ಓದುತ್ತಿದ್ದಾರೆ, ಓದುವಾಗ ಯಾವಾಗಲೂ ಹಾಗೆಯೇ, ಇದೇನ್ರಿ ಸಣ್ಣ ಕೂಸಿನಂಗ ಬಾಯಾಗ ಬೆರಳು ಎಂದು ನಾನು ಅನ್ನುತ್ತೇನೆ, ಅವರು ಕೈ ತೆಗೆಯುವುದಿಲ್ಲ, ಪೇಪರಿನ ಮೇಲಿನಿಂದ ನನ್ನನ್ನು ನೋಡುತ್ತಾರೆ, ಹುಬ್ಬು, ಮೂಗಿನ ಪಕ್ಕದ ಮಚ್ಚೆ, ಗದ್ದದ ಮೇಲಿನ ಗೆರೆ, ಎಲ್ಲ ಇದೆ, ಎಲ್ಲ, ಮೇಲಿನ ಸಾಲು, ಎಡಗಡೆ, ಎರಡನೆಯ ಹಲ್ಲಿನ ಮೇಲೆ ಹೆಬ್ಬೆರಳು, ಒತ್ತುತ್ತಿದ್ದಾರೆ. ಆತೇನವಾ ಎಂದು ಅತ್ತೆ ಹೊರಗಿನಿಂದ ಕೂಗುತ್ತಾಳೆ. ಒತ್ತುತ್ತಿದ್ದಾರೆ, ಇಷ್ಟು ವಯಸ್ಸಾದರೂ, ಕಂಬಕ್ಕೆ ಒರಗಿ, ಹೆಬ್ಬೆರಳಿನಿಂದ. ಆತೇನವಾ. ಹೆಬ್ಬೆರಳಿನಿಂದ.