ಆಪ್ತನ ಲಕ್ಷಣ

"ಆಪ್ತನ ಲಕ್ಷಣದಾಗ ಜಾತಿ ಬರತೈತೇನ್ರಿ, ಶಾಸ್ತ್ರಿಗಳ?"

ಗೋವಿಂದಪ್ಪ ಎರಡನೆಯ ಸಲ ಕೇಳಿದ, ಈ ಸಲ ಇನ್ನಷ್ಟು ಗಟ್ಟಿಯಾಗಿ. ಪಾಠಶಾಲೆಯ ಜಗಲಿಯ ಕೆಳಗೆ ಬಿಸಿಲಲ್ಲಿ ನಿಂತಿದ್ದ. ಒಳಗೆ ಮಣೆಯ ಮೇಲೆ ಕೂತ ತಮ್ಮಣ್ಣಶಾಸ್ತ್ರಿಗಳಿಗೆ ಕೇಳಿಸದೆ ಇದ್ದೀತೇ? ಆದರೆ ಹೊಲಗೇರಿಯ ಹುಡುಗನಿಗೆ ಉತ್ತರ ಕೊಟ್ಟರೆ ಅವನನ್ನು ಪ್ರತಿವಾದಿ ಎಂದು ಒಪ್ಪಿಕೊಂಡ ಹಾಗಾಯಿತಲ್ಲ. ಅವರು ನಶ್ಯದ ಡಬ್ಬಿ ತೆಗೆದರು.

ಹೆಬ್ಬಳ್ಳಿಯ ಗೋವಿಂದಪ್ಪ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ. ಎರಡು ವರ್ಷ ಇಲ್ಲೇ ಹೊರಗೆ ನಿಂತು ತರ್ಕದ ಪಾಠ ಕೇಳಿದ್ದ. ಒಳಗೆ ಬರಲೇ ಎಂದಾಗಲೆಲ್ಲ ಶಾಸ್ತ್ರಿಗಳು ಶಿಷ್ಯರ ಕಡೆ ತಿರುಗಿ, "ಒಳಗ ಕೂಡೋದು ವಾದ ಮಾಡೋ ಯೋಗ್ಯತಾ ಇದ್ದವರು" ಎನ್ನುತ್ತಿದ್ದರು. ಇವತ್ತು ವರ್ಷದ ವಾದಸಭೆ. ಯಾರು ಬೇಕಾದರೂ ಪ್ರಶ್ನೆ ಕೇಳಬಹುದೆಂದು ಅವರೇ ಸಾರಿದ್ದರು.

"ಮೂರನೇ ಸಲ ಕೇಳತೇನ್ರಿ. ಕಂಡದ್ದನ್ನ ಕಂಡಂಗ ಹೇಳಾಂವ ಆಪ್ತ, ಅವನ ಮಾತು ಪ್ರಮಾಣ ಅಂದ್ರಿ. ನಮ್ಮ ಕೇರಿ ಮುದುಕಿ ಉಡಚವ್ವ ಹಾದ್ಯಾಗ ಹಾವೈತಿ ಅಂದ್ರ ನಿಂದರತೀರೋ, ಜಾತಿ ಕೇಳಿ ಕಾಲ ಮುಂದಿಡತೀರೋ?"

ಒಬ್ಬ ಶಿಷ್ಯ ನಗು ತಡೆಯಲಾರದೆ ಕೆಮ್ಮಿದ. ಶಾಸ್ತ್ರಿಗಳು ಮೂಗು ಒರೆಸಿಕೊಂಡರು, ತುಟಿ ಬಿಚ್ಚಲಿಲ್ಲ.

ಗೋವಿಂದಪ್ಪ ತೀರ್ಪು ಹೇಳಲು ಕೂತ ಮುದುಕ ಜೋಯಿಸರ ಕಡೆ ತಿರುಗಿದ. "ಸಭಾಕ್ಕ ತಿಳಿಯೂವಂಗ ಮೂರು ಸಲ ಹೇಳಿದ ಮ್ಯಾಲೂ ಎದುರಿನವರು ಸುಮ್ಮನ ಕುಂತರ ಶಾಸ್ತ್ರದಾಗ ಏನಂತಾರ್ರಿ?"

ಜೋಯಿಸರಿಗೆ ಆ ಮಾತು ಆಡುವುದು ಬೇಕಿರಲಿಲ್ಲ. ಸುಳ್ಳು ಹೇಳುವುದೂ ಅವರಿಂದಾಗಲಿಲ್ಲ.

"ಸೋಲು ಅಂತಾರ."

ಶಾಸ್ತ್ರಿಗಳು ಎದ್ದು ಹಿತ್ತಲ ಬಾಗಿಲಿನಿಂದ ಹೊರಟುಹೋದರು.

"ಆತಲ್ಲ, ಗೆದ್ದಿ. ಇನ್ನ ಮನಿಗೆ ಹೋಗಪಾ" ಎಂದರು ಜೋಯಿಸರು, ಅವನ ಮುಖ ನೋಡದೆ.

ಗೋವಿಂದಪ್ಪ ಕದಲಲಿಲ್ಲ. ಹೆದರಿಕೆ ಇತ್ತು. ಸಿಟ್ಟು ಅದಕ್ಕಿಂತ ಹೆಚ್ಚಿತ್ತು.

"ಗೆದ್ದಾಂವ ಹೊರಗ ನಿಂದ್ರಬೇಕಂತ ಯಾವ ಶಾಸ್ತ್ರದಾಗ ಐತ್ರಿ?"

ಜಗಲಿ ಹತ್ತಿದ, ಹೊಸ್ತಿಲು ದಾಟಿದ, ಪ್ರತಿವಾದಿಯ ಮಣೆಯ ಮೇಲೆ ಕೂತ. ಕೆಲವರು ಧೋತರ ಸಾವರಿಸಿಕೊಂಡು ಎದ್ದು ನಡೆದರು. ಹೋಗುವವರು ಹೋಗಲಿ ಎಂದು ಅವನು ತಿರುಗಿಯೂ ನೋಡಲಿಲ್ಲ.

ಉಳಿದವರಲ್ಲಿ, ಆಗ ಕೆಮ್ಮಿದ್ದ ಶಿಷ್ಯ ಎದುರಿಗೆ ಸರಿದು ಕೂತ. "ಆಕಿ ಹಾವು ಅಂದದ್ದು ಹಗ್ಗ ಆಗಿದ್ದರ?" ಎಂದ.

ಗೋವಿಂದಪ್ಪ ಚಕ್ಕಳಮಕ್ಕಳ ಹಾಕಿಕೊಂಡ. ವಾದದ ರೀತಿಯಂತೆ ಮೊದಲು ಆ ಪ್ರಶ್ನೆಯನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿದ. ಆಮೇಲೆ ಉತ್ತರ ಶುರುಮಾಡಿದ.