ದೇವರ ಮುಂದಿಟ್ಟ ಇಪ್ಪತ್ತನಾಲ್ಕು ಪದಗಳು

ನಮ್ಮ ಕಾಲಾನಂತರ ಮಕ್ಕಳ ಗತಿಯೇನು ಎಂದು ಒಮ್ಮೆಯಾದರೂ ನಿಟ್ಟುಸಿರು ಬಿಡದ ತಂದೆತಾಯಿ ಯಾರಿದ್ದಾರೆ? ಕೋಲ್ಕತ್ತದ ಬಾಲಿಗಂಜ್‌ನಲ್ಲಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವ ನಿತ್ಯಾನಂದ ರಾಯರಿಗೆ ಈ ಚಿಂತೆ ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ ಇತ್ತು.

ರಾಯರು ಉಡುಪಿಯ ಕಡೆಯವರು. ಬ್ಯಾಂಕಿನ ಕೆಲಸ ಅವರನ್ನು ಇಲ್ಲಿಗೆ ತಂದು ಇಪ್ಪತ್ತೆಂಟು ವರ್ಷವಾಯಿತು. ನಿವೃತ್ತಿಯಾದ ಮೇಲೂ ಊರಿಗೆ ಹೋಗಲಿಲ್ಲ, ಮಗನ ವೈದ್ಯರು ಇಲ್ಲಿದ್ದಾರೆ. ಮಗ ವಿಖ್ಯಾತನಿಗೆ ಒಂಬತ್ತನೇ ವಯಸ್ಸಿನಲ್ಲಿ ಸ್ನಾಯುಗಳ ಕಾಯಿಲೆ ಬಂದು ಕಾಲಿನ ಶಕ್ತಿ ಹೋಯಿತು. ಈಗ ಇಪ್ಪತ್ತೇಳು, ಗಾಲಿಕುರ್ಚಿಯಲ್ಲೇ ಓಡಾಟ. ಆದರೆ ದೇವರು ಒಂದು ಕಡೆ ಮುಚ್ಚಿದ್ದನ್ನು ಇನ್ನೊಂದು ಕಡೆ ತೆರೆದಿದ್ದ. ಹುಡುಗ ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಾನೆ. ಕಾಡು, ಕೋಟೆ, ಹಳೇ ಪೇಟೆ, ಏನು ಕೇಳಿದರೂ ಕಣ್ಣಿಗೆ ಕಟ್ಟುವ ಹಾಗೆ. ಹೊರದೇಶದ ಒಂದು ಸಣ್ಣ ಕಂಪೆನಿ ಐದು ವರ್ಷದಿಂದ ಅವನ ಚಿತ್ರಗಳನ್ನು ಕೊಳ್ಳುತ್ತಿದೆ. ಅರ್ಧ ಹಣ ಬ್ಯಾಂಕಿಗೆ ಬಂದರೆ, ಇನ್ನರ್ಧ ಬಿಟ್‌ಕಾಯಿನ್ ಎಂಬ ಕ್ರಿಪ್ಟೋ ಹಣದ, ಅಂದರೆ ಕಂಪ್ಯೂಟರಿನಲ್ಲಷ್ಟೇ ಇರುವ ಹಣದ, ರೂಪದಲ್ಲಿ ಬರುತ್ತದೆ. ಆ ಅರ್ಧವನ್ನು ಅವನು ಮುಟ್ಟಿದವನಲ್ಲ. ತಂದೆತಾಯಿ ಇಲ್ಲದ ದಿನ ತನ್ನನ್ನು ಎತ್ತಿ ಕೂರಿಸಲು ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕಲ್ಲ, ಅದಕ್ಕೆ ಅಂತ.

ಅದೆಲ್ಲ ಒಂದು ಎಕ್ಸ್‌ಚೇಂಜಿನಲ್ಲಿತ್ತು, ಅಂದರೆ ಕ್ರಿಪ್ಟೋ ಹಣ ಕೊಂಡು ಮಾರುವ ಒಂದು ಆನ್‌ಲೈನ್ ಅಂಗಡಿಯ ಸುಪರ್ದಿಯಲ್ಲಿ. ಹೋದ ವರ್ಷ ಅಂಥದ್ದೇ ಇನ್ನೊಂದು ಅಂಗಡಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿಕೊಂಡಿತು. ಕನ್ನಡ ಸಂಘದ ಇಬ್ಬರ ಉಳಿತಾಯ ಅದರೊಳಗೆ ಸಿಕ್ಕಿಹಾಕಿಕೊಂಡಿತು. ಆಗ ವಿಖ್ಯಾತ್, ಹಾರ್ಡ್‌ವೇರ್ ವಾಲೆಟ್ ಎಂಬುದೊಂದಿದೆ, ತರಿಸೋಣ ಎಂದ. ಪೆನ್‌ಡ್ರೈವಿನಷ್ಟು ದೊಡ್ಡ ಯಂತ್ರ. ಹಣ ಅದರೊಳಗೆ ಇರುವುದಿಲ್ಲ, ಹಣದ ಕೀಲಿ ಇರುತ್ತದೆ. ಕೀಲಿ ಇಂಟರ್ನೆಟ್ಟಿಗೆ ಸಿಗದ ಹಾಗೆ ಅದು ಕಾಯುತ್ತದೆ.

ಕೀಲಿ, ಕಾವಲು ಎಂದ ಕೂಡಲೇ ರಾಯರಿಗೆ ಹುಮ್ಮಸ್ಸು ಬಂತು. ಬ್ಯಾಂಕಿನ ಸ್ಟ್ರಾಂಗ್ ರೂಮಿನ ಕೀಲಿ ಹನ್ನೊಂದು ವರ್ಷ ಅವರ ಸೊಂಟದಲ್ಲಿತ್ತು. ಖರೀದಿ ತಾವೇ ಮಾಡುತ್ತೇನೆ ಎಂದರು. ಒಂದು ಜಾಲತಾಣದಲ್ಲಿ ಯಾರೋ ಅರ್ಧ ಬೆಲೆಗೆ ಮಾರುತ್ತಿದ್ದರು, ತರಿಸಿದರು.

ಪೆಟ್ಟಿಗೆ ಬಂತು. ಮೇಲೆ ಪ್ಲಾಸ್ಟಿಕ್ ಹೊದಿಕೆ, ಮುದ್ರೆ, ಎಲ್ಲ ಅಚ್ಚುಕಟ್ಟು. ಒಳಗೆ ಯಂತ್ರದ ಜೊತೆ ಒಂದು ಕಾರ್ಡು. ಅದರ ಮೇಲಿನ ಬೆಳ್ಳಿ ಬಣ್ಣವನ್ನು ನಾಣ್ಯದಲ್ಲಿ ಉಜ್ಜಿದರೆ ಇಂಗ್ಲಿಷಿನ ಇಪ್ಪತ್ತನಾಲ್ಕು ಸಾದಾ ಪದಗಳು. ಇವೇ ನಿಮ್ಮ ಗುಪ್ತ ಪದಗಳು, ಯಂತ್ರಕ್ಕೆ ಇವನ್ನೇ ಕೊಡಿ ಎಂದು ಕೆಳಗೆ ಅಚ್ಚಾಗಿತ್ತು. ರಾಯರಿಗೆ ತೃಪ್ತಿಯಾಯಿತು. ಎಟಿಎಂ ಕಾರ್ಡಿನ ಪಿನ್ ಇದೇ ತರ ಮುಚ್ಚಿದ ಲಕೋಟೆಯಲ್ಲಿ ಬರುವುದನ್ನು ಅವರು ನೌಕರಿಯುದ್ದಕ್ಕೂ ಕಂಡವರು. ವಿಖ್ಯಾತ್ ಮಾತ್ರ ಹುಬ್ಬು ಗಂಟಿಕ್ಕಿದ. ಪದಗಳನ್ನು ಯಂತ್ರವೇ ಕೊಡುತ್ತದೆ ಎಂದು ಎಲ್ಲೋ ಓದಿದ ನೆನಪು ಅವನಿಗೆ. ನಾನು ಮೂವತ್ತು ವರ್ಷ ಇಂಥದ್ದನ್ನೇ ಹಂಚಿದವನು ಮಾರಾಯ ಎಂದು ರಾಯರು ಅವನ ಮಾತನ್ನು ಅಲ್ಲಿಗೇ ಮಡಚಿಟ್ಟರು.

ಆದರೂ ಹುಡುಗ ಒಂದು ಹಟ ಹಿಡಿದ. ಮೊದಲು ಸ್ವಲ್ಪವೇ ಕಳಿಸೋಣ, ಪಪ್ಪಾ. ಸರಿ ಎಂದು ಶನಿವಾರ ಬೆಳಿಗ್ಗೆ ಸಾವಿರ ರೂಪಾಯಿ ಬೆಲೆಯಷ್ಟು ಕಳಿಸಿದರು. ಬಂದು ಸೇರಿತು. ಉಳಿದದ್ದನ್ನು ಸಂಜೆ ಭಜನೆ ಮುಗಿದ ಮೇಲೆ ಎಂದು ನಿರ್ಧಾರವಾಯಿತು. ಹೊಸ ವಸ್ತು ಏನೇ ಬಂದರೂ ಆ ಮನೆಯಲ್ಲಿ ಮೊದಲು ದೇವರ ಮುಂದೆ ಇಡುವ ಪದ್ಧತಿ. ರಾಯರು ಪೆಟ್ಟಿಗೆಗೆ ಕುಂಕುಮ ಹಚ್ಚಿ, ಪಕ್ಕದಲ್ಲಿ ಆ ಕಾರ್ಡನ್ನೂ ಇಟ್ಟು, ಮೇಲೊಂದು ದಾಸವಾಳ ಇಟ್ಟರು.

ಪ್ರತಿ ತಿಂಗಳ ಮೊದಲ ಶನಿವಾರ ಕರಾವಳಿಯ ಹತ್ತು ಹನ್ನೆರಡು ಮನೆಯವರು ಒಬ್ಬರ ಮನೆಯಲ್ಲಿ ಸೇರಿ ಭಜನೆ ಮಾಡುತ್ತಾರೆ. ಆ ಸಲ ರಾಯರ ಸರದಿ. ಎಲ್ಲರಿಗಿಂತ ಮೊದಲು ಬಂದವಳು ತೃಪ್ತಿ. ಪುತ್ತೂರಿನ ಹುಡುಗಿ, ನ್ಯೂ ಟೌನಿನ ಒಂದು ಕಂಪೆನಿಯಲ್ಲಿ ಕಂಪ್ಯೂಟರ್ ಕಳ್ಳತನ ತಡೆಯುವ ಕೆಲಸ. ರಾಯರ ಹೆಂಡತಿ ಸ್ನೇಹಲತಾರಿಗೆ ಅವಲಕ್ಕಿ ಕಲಸಲು ಸಹಾಯಕ್ಕೆಂದು ಬೇಗ ಬಂದಿದ್ದಳು. ನೆಂಟಸ್ತಿಕೆ ಇಲ್ಲದಿದ್ದರೂ ಇಬ್ಬರನ್ನೂ ಮಾವ, ಅತ್ತೆ ಎಂದೇ ಕರೆಯುವವಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ದೇವರಿಗೆ ನಮಸ್ಕರಿಸಲು ಬಗ್ಗಿದವಳು ಬಗ್ಗಿದಲ್ಲೇ ನಿಂತಳು.

“ಮಾವ, ಈ ಕಾರ್ಡು ಉಜ್ಜಿದ್ದು ನೀವಾ?”

“ಹೌದು. ಮುದ್ರೆ ಗಟ್ಟಿ ಉಂಟಾ ಅಂತ ನೋಡಿಯೇ ಉಜ್ಜಿದ್ದು.”

“ಒಳಗಿನ ಪದ ಅಚ್ಚು ಹಾಕಿದ್ದು ಯಾರು?”

“ಕಂಪೆನಿಯವರು. ಮತ್ತೆ ಯಾರು?”

“ಹಾಗಾದ್ರೆ ನಿಮ್ಮ ಕೀಲಿ ನಿಮ್ಮ ಕೈಗೆ ಬರುವ ಮೊದಲೇ ಇನ್ನೊಬ್ಬರ ಕೈಯಲ್ಲಿ ಇತ್ತು.”

ರಾಯರು ನಕ್ಕರು. ಬ್ಯಾಂಕಿನ ಪಿನ್ನೂ ಅಚ್ಚಾಗಿಯೇ ಬರುತ್ತದೆ, ಅದಕ್ಕೇನೀಗ ಎಂದರು. ತೃಪ್ತಿ ನಗಲಿಲ್ಲ. ಮೊದಲು ಆ ಕಾರ್ಡನ್ನು ಬೋರಲು ಹಾಕಿದಳು. ಇನ್ನರ್ಧ ಗಂಟೆಯಲ್ಲಿ ಇಪ್ಪತ್ತು ಜನ ಬಂದು ಅಲ್ಲೇ ಬಗ್ಗುವವರಿದ್ದರು.

“ಪಿನ್ ಹೋದ್ರೆ ಬ್ಯಾಂಕು ಕಾರ್ಡು ನಿಲ್ಲಿಸ್ತದೆ, ಹೊಸದು ಕೊಡ್ತದೆ. ಇಲ್ಲಿ ನಿಲ್ಲಿಸುವವರೇ ಇಲ್ಲ ಮಾವ. ಈ ಪದಗಳೇ ಕೀಲಿ. ಇವು ಗೊತ್ತಿದ್ದವನಿಗೆ ನಿಮ್ಮ ಯಂತ್ರವೂ ಬೇಡ, ಪಿನ್ನೂ ಬೇಡ. ನೀವು ಸ್ಟ್ರಾಂಗ್ ರೂಮ್ ನೋಡಿಕೊಂಡವರು. ತಿಜೋರಿ ಮಾರಿದವನ ಕಿಸೆಯಲ್ಲಿ ಇನ್ನೊಂದು ಕೀಲಿ ಉಂಟು ಅಂತ ಗೊತ್ತಾದ್ರೆ ಒಳಗೆ ಹಣ ಇಡ್ತಿದ್ರಾ?”

ರಾಯರ ನಗು ನಿಂತಿತು. ಬೆಳಿಗ್ಗೆ ಕಳಿಸಿದ್ದು ಬಂದಿದೆಯಲ್ಲ ಎಂದರು, ಸ್ವಲ್ಪ ತಗ್ಗಿದ ದನಿಯಲ್ಲಿ. ಅದನ್ನೇ ಈಗ ನೋಡುವ ಎಂದಳು ತೃಪ್ತಿ. ವಿಖ್ಯಾತ್ ಕುರ್ಚಿ ತಿರುಗಿಸಿ ಕಂಪ್ಯೂಟರಿನ ಹತ್ತಿರ ಹೋದ. ನೋಡಿದ. ಪರದೆಯನ್ನು ತಂದೆಯ ಕಡೆಗೆ ತಿರುಗಿಸಿದ.

ಸೊನ್ನೆ. ಬಂದು ಸೇರಿದ ಹದಿನೇಳು ನಿಮಿಷಕ್ಕೆ ಸಾವಿರ ರೂಪಾಯಿ ಯಾರದೋ ವಿಳಾಸಕ್ಕೆ ಹೋಗಿತ್ತು.

ರಾಯರು ದೇವರ ಮಣೆಯ ಪಕ್ಕದಲ್ಲೇ ಕೂತುಬಿಟ್ಟರು. ಹೋದ ಸಾವಿರಕ್ಕಲ್ಲ. ಇನ್ನು ನಾಲ್ಕು ತಾಸು ಕಳೆದಿದ್ದರೆ ಮಗನ ಐದು ವರ್ಷ ಹೋಗುತ್ತಿತ್ತು. ತಾವಿಬ್ಬರೂ ಇಲ್ಲದ ಮನೆ, ಕುರ್ಚಿಯಲ್ಲಿ ಒಬ್ಬನೇ ವಿಖ್ಯಾತ್, ಎತ್ತಲು ಒಂದು ಕೈ ಇಲ್ಲ. ಅದು ಅವರ ಕಣ್ಣೆದುರು ಬಂದು ಹೋಯಿತು.

“ನಿನ್ನ ಮಾತು ಕೇಳಬೇಕಿತ್ತು ಮಗ,” ಎಂದರು.

“ಸ್ವಲ್ಪ ಕಳಿಸೋಣ ಅಂದದ್ದು ಕೇಳಿದ್ರಲ್ಲ ಪಪ್ಪಾ. ಅಷ್ಟು ಸಾಕಾಯ್ತು.”

ಅಂದು ರಾಯರು ಭಜನೆಯಲ್ಲಿ ಒಂದು ಸಾಲನ್ನೂ ಸರಿಯಾಗಿ ಹಾಡಲಿಲ್ಲ. ತಾಳ ತಟ್ಟುತ್ತಾ ಕಣ್ಣು ಮುಚ್ಚಿಕೊಂಡೇ ಇದ್ದರು. ಕಾಪಾಡಿದೆ, ಕಾಪಾಡಿದೆ ಎಂಬುದೊಂದೇ ಒಳಗೆ ನಡೆಯುತ್ತಿತ್ತು.

ಮರುದಿನ ತೃಪ್ತಿ ಹೇಳಿದಂತೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟರು. ಸಾವಿರಕ್ಕೆಲ್ಲ ದೂರೇ ಎಂದು ಸ್ನೇಹಲತಾ ಕೇಳಿದಾಗ, ಆ ಮಾರಾಟಗಾರನ ಹತ್ತಿರ ಇನ್ನೆಷ್ಟು ಜನ ಕೊಂಡಿದ್ದಾರೋ ಎಂದರು. ಆಮೇಲೆ ಯಂತ್ರ ತಯಾರಿಸುವ ಕಂಪೆನಿಯ ಸ್ವಂತ ಜಾಲತಾಣದಿಂದಲೇ, ಪೂರ್ತಿ ಬೆಲೆ ಕೊಟ್ಟು, ಹೊಸದು ತರಿಸಿದರು.

ಅದು ಬಂದ ಭಾನುವಾರ ತೃಪ್ತಿ ಊಟಕ್ಕೆ ಬಂದಳು. ಊಟವಾದ ಮೇಲೆ ರಾಯರು ಯಂತ್ರವನ್ನು ಅವಳ ಕೈಗೇ ಕೊಡಲು ಹೋದರು, ನೀನೇ ಮಾಡಿಕೊಡು ಎಂದು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ನಾನು ಅತ್ತೆಯ ಹತ್ತಿರ ಅಡುಗೆಮನೆಯಲ್ಲಿ ಕೂತ್ಕೊಳ್ತೇನೆ. ನೀವಿಬ್ಬರೇ ಬಾಗಿಲು ಹಾಕಿಕೊಳ್ಳಿ. ಪದ ಕಾಣುವಾಗ ನಾನೂ ನೋಡಬಾರದು ಮಾವ. ನೋಡ್ತೇನೆ ಅಂದವರನ್ನು ನಂಬಲೂಬಾರದು.”

ರಾಯರು ಯಂತ್ರವನ್ನು ಮಗನ ಮಡಿಲಲ್ಲಿ ಇಟ್ಟರು. ಕಾಪಾಡಿದವಳು ತನ್ನನ್ನೂ ನಂಬಬೇಡಿ ಎನ್ನುತ್ತಾಳೆ. ಇಂಥ ಮಾತು ಅವರು ಇಡೀ ನೌಕರಿಯಲ್ಲಿ ಕೇಳಿರಲಿಲ್ಲ.

ಹೀಗೆ, ಅವಳು ಹುರುಳಿಕಾಯಿಯ ನಾರು ಬಿಡಿಸುತ್ತಾ ಬಾಗಿಲಾಚೆಯಿಂದ ಒಂದೊಂದಾಗಿ ಹೇಳಿದಳು, ಒಳಗೆ ತಂದೆ ಮಗ ಮಾಡಿದರು. ಕಂಪೆನಿಯ ಅಸಲಿ ಆ್ಯಪನ್ನು ಅವರ ಜಾಲತಾಣದಿಂದಲೇ ಇಳಿಸಿಕೊಂಡು, ಯಂತ್ರ ಅಸಲಿ ಹೌದೋ ಎಂದು ಅದರಿಂದ ಪರೀಕ್ಷಿಸಿದರು. ಪಿನ್ನನ್ನು ವಿಖ್ಯಾತ್ ತಾನೇ ಆರಿಸಿದ. ಆಮೇಲೆ ಯಂತ್ರದ ಪುಟ್ಟ ಪರದೆಯಲ್ಲಿ ಪದಗಳು ಒಂದರ ಹಿಂದೆ ಒಂದು ಬಂದವು. ವಿಖ್ಯಾತ್ ಮೆಲ್ಲಗೆ ಓದಿದ, ರಾಯರು ಬ್ಯಾಂಕಿನ ದುಂಡು ಅಕ್ಷರದಲ್ಲಿ ಕಾಗದದ ಮೇಲೆ ಬರೆದರು. ಮೊಬೈಲಿನಲ್ಲಿ ಫೋಟೋ ತೆಗೆದರೆ ಬೇಗ ಆಗುತ್ತಿತ್ತು ಎಂದು ರಾಯರು ಗೊಣಗಿದ್ದು ಹೊರಗೆ ಕೇಳಿಸಿತು. ಮೊಬೈಲನ್ನು ಹೊರಗೆ ಕೊಡಿ ಎಂದು ತೃಪ್ತಿ ಅದನ್ನೂ ಈಚೆ ತರಿಸಿದಳು. ಫೋಟೋ ಬೇಡ, ವಾಟ್ಸ್ಆ್ಯಪ್ ಬೇಡ, ಇಮೇಲ್ ಬೇಡ, ಕಂಪ್ಯೂಟರಿನಲ್ಲಿ ಟೈಪ್ ಮಾಡುವುದೂ ಬೇಡ.

ಮತ್ತೆ ಸಣ್ಣ ಮೊತ್ತ ಒಂದು ಕಳಿಸಿದರು. ಅದು ಸೇರಿದ ಮೇಲೆ ತೃಪ್ತಿ ಹೇಳಿದ ಮಾತಿಗೆ ರಾಯರು ಬಾಗಿಲು ತೆರೆದು ತಲೆ ಹೊರಹಾಕಿದರು. ಈಗ ಯಂತ್ರವನ್ನು ಪೂರ್ತಿ ಅಳಿಸಿಬಿಡಿ ಎಂದಳು.

“ಎಂತ ಹೇಳ್ತಿ ಮಾರಾಯ್ತಿ?”

“ಯಂತ್ರ ನಾಳೆ ಹಾಳಾಗಬಹುದು, ಕಳೆದುಹೋಗಬಹುದು. ಕಾಗದ ಸರಿ ಉಂಟಾ ಅಂತ ಇವತ್ತೇ ಗೊತ್ತಾಗಲಿ. ದೊಡ್ಡ ಮೊತ್ತ ಹಾಕಿದ ಮೇಲೆ ಗೊತ್ತಾದ್ರೆ ಪ್ರಯೋಜನ ಇಲ್ಲ.”

ಅಳಿಸಿದರು. ಕಾಗದ ನೋಡಿ ಇಪ್ಪತ್ತನಾಲ್ಕೂ ಪದಗಳನ್ನು ಯಂತ್ರದ ಗುಂಡಿಗಳಿಂದಲೇ ಒಂದೊಂದಾಗಿ ಒತ್ತಿದರು. ಹಣ ಹಾಗೇ ಕಾಣಿಸಿಕೊಂಡಿತು. ಸ್ನೇಹಲತಾ ಹೊರಗಿನಿಂದಲೇ ಕೈ ಮುಗಿದರು.

ಇನ್ನು ಕಾಗದದ ಚಿಂತೆ. ಕೋಲ್ಕತ್ತದ ತೇವಕ್ಕೆ ಒಂದೇ ಮಳೆಗಾಲದಲ್ಲಿ ಕಾಗದ ಬೂಷ್ಟು ಹಿಡಿಯುತ್ತದೆ. ಸ್ಟೀಲಿನ ತಟ್ಟೆಯ ಮೇಲೆ ಕೊರೆದಿಟ್ಟರೆ ಗಟ್ಟಿ ಎಂದು ತೃಪ್ತಿ ಅಂದಳು. ಅದಕ್ಕೇನಂತೆ ಎಂದು ರಾಯರು ಎದ್ದೇಬಿಟ್ಟರು. ಗರಿಯಾಹಾಟಿನ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆದುಕೊಡುತ್ತಾರಲ್ಲ, ಮನೆಯ ತಟ್ಟೆ ಲೋಟಕ್ಕೆಲ್ಲ ಅವರೇ ಕೊರೆದದ್ದು, ಅಕ್ಷರಕ್ಕಿಷ್ಟು ಅಂತ ತೆಗೆದುಕೊಳ್ಳುತ್ತಾರೆ. ಕಾಗದ ಕಿಸೆಗೆ ಹಾಕಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಸ್ನೇಹಲತಾ ಬಾಗಿಲಿಗೆ ಅಡ್ಡ ನಿಂತರು. ಅಲ್ಲಿಯವರೆಗೆ ಹೆಚ್ಚು ಮಾತಾಡದವರು.

“ಕೊರೆಯುವವನಿಗೆ ಓದಲು ಬರುವುದಿಲ್ಲವಾ?”

ತೃಪ್ತಿ ನಕ್ಕು ನಕ್ಕು ಹುರುಳಿಕಾಯಿಯ ತಟ್ಟೆ ಮಗುಚಿದಳು. ಇನ್ನು ಈ ಮನೆಗೆ ನಾನು ಬರಬೇಕೆಂದಿಲ್ಲ, ಅತ್ತೆ ಸಾಕು ಎಂದಳು. ಕೊನೆಗೆ ರಾಯರು ಅಕ್ಷರ ಒತ್ತುವ ಉಕ್ಕಿನ ಅಚ್ಚುಗಳನ್ನು ಕೊಂಡು ತಂದು ತಾವೇ ಸುತ್ತಿಗೆ ಹಿಡಿದರು. ಯಂತ್ರ ಪದ ಆರಿಸುವ ಪಟ್ಟಿಯಲ್ಲಿ ಯಾವ ಎರಡು ಪದದ ಮೊದಲ ನಾಲ್ಕು ಅಕ್ಷರವೂ ಒಂದೇ ಇರುವುದಿಲ್ಲ, ಹಾಗಾಗಿ ಪ್ರತಿ ಪದದ ಆ ನಾಲ್ಕೇ ಸಾಕೆಂದು ತಿಳಿದದ್ದು ಅವರ ಬೆರಳಿಗೆ ಒಳ್ಳೆಯದಾಯಿತು. ಎರಡು ದಿನ ಠಣ್ ಠಣ್ ಎಂದದ್ದಕ್ಕೆ ಕೆಳಗಿನ ಮನೆಯ ಬಂಗಾಳಿ ಗೃಹಿಣಿ ಬಂದು ವಿಚಾರಿಸಿದರು. ರಿಟೈರಾದವರಲ್ಲವಾ, ಏನಾದರೂ ಕುಟ್ಟುತ್ತಾ ಇರುತ್ತಾರೆ ಎಂದು ಸ್ನೇಹಲತಾ ಹೇಳಿ ಕಳಿಸಿದರು.

ಹನ್ನೆರಡು ಪದ ಮನೆಯಲ್ಲಿ, ಹನ್ನೆರಡು ಲಾಕರಿನಲ್ಲಿ, ಬ್ಯಾಂಕಿನ ಜೋಡಿ ಕೀಲಿಯ ಹಾಗೆ, ಎಂಬ ಯೋಚನೆಯೂ ರಾಯರಿಗೆ ಬಂದಿತ್ತು. ಒಂದು ಅರ್ಧ ಕಳೆದರೆ ಇನ್ನೊಂದು ಅರ್ಧದಿಂದ ಏನೂ ಆಗದು ಎಂದು ತೃಪ್ತಿ ಫೋನಿನಲ್ಲಿ ತಿಳಿಹೇಳಿದಳು. ಪೂರ್ತಿ ಪ್ರತಿ ಎರಡು ಮಾಡಿದರು. ಒಂದು ಬ್ಯಾಂಕಿನ ಲಾಕರಿಗೆ ಹೋಯಿತು, ಇನ್ನೊಂದು ಎಲ್ಲಿಗೆ ಹೋಯಿತೆಂದು ಈ ಕಥೆ ಹೇಳುವವರಿಗೂ ಗೊತ್ತಿಲ್ಲ.

ಬುಧವಾರ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ಉಳಿದದ್ದನ್ನು ಕಳಿಸಲು ಕೂತರು. ಹಣ ಸೇರಬೇಕಾದ ವಿಳಾಸ ಎಂದು ಕಂಪ್ಯೂಟರಿನಲ್ಲಿ ಕಾಣುವುದನ್ನು ಕಳ್ಳ ತಂತ್ರಾಂಶ ಬದಲಿಸಿರಬಹುದು, ಯಂತ್ರದ ಪರದೆಯಲ್ಲಿ ಕಂಡದ್ದೇ ನಿಜ ಎಂದು ತೃಪ್ತಿ ಹೇಳಿದ್ದಳು. ವಿಖ್ಯಾತ್ ಯಂತ್ರ ನೋಡಿ ಒಂದೊಂದೇ ಅಕ್ಷರ ಓದಿದ. ರಾಯರು ಕಂಪ್ಯೂಟರ್ ನೋಡಿ ಒಂದೊಂದಕ್ಕೂ ಹೂಂ ಎಂದರು, ಹಳೇ ಕಾಲದಲ್ಲಿ ವೋಚರುಗಳನ್ನು ತಾಳೆ ನೋಡುತ್ತಿದ್ದ ಹಾಗೆ. ಒಪ್ಪಿಗೆ ಒತ್ತಿದವನು ವಿಖ್ಯಾತ್. ಅವನ ದುಡಿಮೆ, ಅವನ ಬೆರಳು.

ಮುಕ್ಕಾಲು ಗಂಟೆಯಲ್ಲಿ ಎಲ್ಲ ಬಂದು ಸೇರಿತು. ಯಂತ್ರ ಎಲ್ಲಿದೆ, ಲಾಕರು ಯಾವುದು, ಏನು ಮಾಡಬೇಕು ಎಂದು ರಾಯರು ಒಂದು ಪತ್ರ ಬರೆದು ಉಯಿಲಿನ ಜೊತೆ ಇಟ್ಟರು. ಪದಗಳು ಮಾತ್ರ ಅದರಲ್ಲಿಲ್ಲ. ಆ ವರ್ಷದ ತೆರಿಗೆ ವಿವರದಲ್ಲೂ ಮರೆಯದೆ ತೋರಿಸಿದರು.

ಆ ಬುಧವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಯಾರದೋ ಕರೆ, ಅರ್ಧ ಬೆಲೆಯ ಮಾರಾಟಗಾರನಿಂದ ನಂಬರು ಸಿಕ್ಕಿತ್ತೋ ಏನೋ. ನಿಮ್ಮ ವಾಲೆಟ್ ಕಂಪೆನಿಯಿಂದ ಮಾತಾಡುವುದು, ನಿಮ್ಮ ಇಪ್ಪತ್ತನಾಲ್ಕು ಪದ ದೃಢಪಡಿಸಬೇಕು ಎಂದು ಹಿಂದಿಯಲ್ಲಿ ಬಹಳ ವಿನಯ. ರಾಯರು ಅಷ್ಟೇ ವಿನಯದಿಂದ ಕೇಳಿದರು, ಪದ ಕೇಳುವ ಕಂಪೆನಿ ಯಾವುದೂ ಇಲ್ಲವಂತಲ್ಲ, ನೀವು ಯಾರು? ಆ ಕಡೆ ಫೋನು ಇಟ್ಟರು. ರಾಯರು ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಬಹಳ ವರ್ಷಗಳ ನಂತರ ಅಂದು ಮಧ್ಯಾಹ್ನ ಅವರಿಗೆ ಚಿಂತೆಯಿಲ್ಲದ ನಿದ್ದೆ ಬಂತು. ಮಲಗುವ ಮೊದಲು ತೃಪ್ತಿಯ ತಂದೆತಾಯಿಯ ಹೆಸರು ಕೇಳಿ ತಿಳಿದುಕೊಂಡಿದ್ದರು. ಅಂಥ ಮಗಳನ್ನು ಹೆತ್ತವರಿಗೆ ಒಂದು ಕಾಗದ ಬರೆಯಬೇಕೆಂದು.

ಓದುವ ಅಣ್ಣಂದಿರೇ, ಅಕ್ಕಂದಿರೇ, ಕ್ರಿಪ್ಟೋ ಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಅದರ ಬೆಲೆ ಏರುತ್ತದೆ, ಬೀಳುತ್ತದೆ, ಅದು ನಿಮ್ಮ ವಿವೇಚನೆಗೆ ಬಿಟ್ಟದ್ದು. ಆದರೆ ಮನೆಯಲ್ಲಿ ಯಾರಲ್ಲಾದರೂ ಅದಿದ್ದರೆ ಇಂದೇ ಕೂತು ವಿಚಾರಿಸಿ. ವಾಲೆಟ್ ತಯಾರಕರಿಂದಲೇ ತಂದದ್ದೋ? ಪದಗಳನ್ನು ಕೊಟ್ಟದ್ದು ಯಂತ್ರವೋ, ಅಚ್ಚಾದ ಕಾರ್ಡೋ? ಕಾರ್ಡಾದರೆ ಒಂದು ರೂಪಾಯಿಯನ್ನೂ ಅದಕ್ಕೆ ಕಳಿಸಬೇಡಿ. ಪದಗಳನ್ನು ಯಾರು ಕೇಳಿದರೂ, ಎಷ್ಟು ಹತ್ತಿರದವರಾಗಿದ್ದರೂ, ಎಷ್ಟು ವಿನಯದಿಂದ ಕೇಳಿದರೂ, ಕೊಡಬೇಡಿ. ಮೋಸ ಹೋದರೆ ನಾಚದೆ 1930ಕ್ಕೆ ಕರೆ ಮಾಡಿ. ಮತ್ತು ಮನೆಯ ಕಿರಿಯರು ಇದು ಸರಿ ಕಾಣುವುದಿಲ್ಲ ಎಂದಾಗ, ಎಷ್ಟೇ ವರ್ಷದ ಅನುಭವ ನಿಮಗಿದ್ದರೂ, ಒಂದು ಗಳಿಗೆ ನಿಂತು ಕೇಳಿ.