ಅಮ್ಮನಿಗೆ ಬೇರೆ ಉತ್ತರ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಕನ್ನಡಕದವನಿಗೆ ಅದು ಇರಲಿಲ್ಲ. ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟಿದ್ದರಿಂದ ಎಲ್ಲರ ಬಾಯಲ್ಲೂ ಅವನು ಕನ್ನಡಕದವನೇ. ಗಿರಾಕಿ ಹೊಸ ಫ್ರೇಮು ಏರಿಸಿಕೊಂಡು "ಹೇಗೆ ಕಾಣ್ತೀನಿ?" ಅಂದರೆ "ಗೂಬೆ ಥರ" ಎಂದುಬಿಡುವ ಮನುಷ್ಯ. ಅಂಗಡಿ ಇನ್ನೂ ನಡೆಯುತ್ತಿರುವುದೇ ಹೆಚ್ಚು. ಹೀಗಾಗಿ ಹೆಂಡತಿ ತನ್ನ ಆಪರೇಷನ್ನಿನ ಹಿಂದಿನ ಸಂಜೆ ಅವನನ್ನು ಆಫೀಸಿಗೆ ಕರೆಸಿಕೊಂಡಾಗ, ಹೇಳಬೇಕಾದ ಸುಳ್ಳನ್ನು ಗಂಡನಿಗೆ ವಹಿಸಲಿಲ್ಲ, ಕಂಪ್ಯೂಟರಿಗೆ ವಹಿಸಿದಳು.

ಅವಳದು ಸರಕು ಸಾಗಣೆ ಕಂಪನಿಯಲ್ಲಿ ಕಾಗದಪತ್ರ ನೋಡುವ ಕೆಲಸ. ಉಳಿದವರೆಲ್ಲ ಮನೆಗೆ ಹೋಗಿದ್ದರು. ರಜೆಯಲ್ಲಿದ್ದಾಗ ಬರುವ ಮೇಲ್‌ಗಳಿಗೆ ತಾನಾಗಿಯೇ ಉತ್ತರ ಹೋಗುವ ವ್ಯವಸ್ಥೆಯನ್ನು ತೆರೆದು, "ಒಂದು ವಾರ ರಜೆಯಲ್ಲಿದ್ದೇನೆ, ತುರ್ತಿದ್ದರೆ ಪಕ್ಕದ ಮೇಜಿನವರನ್ನು ಕೇಳಿ" ಎಂಬರ್ಥದ ಎರಡು ಸಾಲು ಟಪಟಪನೆ ಬಡಿದು ಮುಗಿಸಿದಳು. ಗೋದಾಮಿನವರು, ಲಾರಿಯವರು, ಬಾಸು, ಎಲ್ಲರಿಗೂ ಅಷ್ಟು ಸಾಕು. ಕೈ ನಿಂತದ್ದು ಅಮ್ಮನ ವಿಷಯಕ್ಕೆ ಬಂದಾಗ.

ಅಮ್ಮನಿಗೆ ಕಿವಿ ಮಂದ, ಫೋನಿನಲ್ಲಿ ಮಾತು ಹತ್ತದು. ದಿನಾ ಮಧ್ಯಾಹ್ನ ಊಟ ಮಾಡಿ ಮಗಳ ಆಫೀಸಿನ ವಿಳಾಸಕ್ಕೆ ಒಂದು ಮೇಲ್ ಬರೆಯುತ್ತಿದ್ದರು. ಬಾಯಿಪಾಠವಾಗಿದ್ದದ್ದು ಆ ವಿಳಾಸ ಒಂದೇ. ಉತ್ತರ ತಡವಾದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು. ಅಂಥವರಿಗೆ ಮೊನ್ನೆ ಮೊನ್ನೆ ಹೃದಯದ ಆಪರೇಷನ್ ಆಗಿತ್ತು. ಮಗನ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು, ಗಾಬರಿಯ ಸುದ್ದಿ ಕಿವಿಗೆ ಬೀಳಬಾರದೆಂದು ಡಾಕ್ಟರ ಅಪ್ಪಣೆಯಾಗಿತ್ತು. ಇಂಥ ಹೊತ್ತಿನಲ್ಲೇ ಮಗಳ ಎದೆಯಲ್ಲಿ ಗಂಟು ಕಾಣಿಸಿಕೊಳ್ಳಬೇಕೆ?

"ಅಮ್ಮನ ಮೇಲ್‌ಗೆ ಮಾತ್ರ ಬೇರೆ ಉತ್ತರ ಹೋಗೋ ಹಾಗೆ ಮಾಡ್ತೀನಿ," ಅಂದಳು.

"ನಾನೇ ಬರೀತೀನಿ ಕಣೇ, ನಿನ್ನ ಹೆಸರಲ್ಲಿ."

"ನೀವಾ? ಎರಡನೇ ಸಾಲಿಗೇ ಎಲ್ಲ ಕಕ್ಕಿಬಿಡ್ತೀರಿ."

ಅವಳು ಬರೆದಳು: "ಅಮ್ಮಾ, ನಾನು ಚೆನ್ನಾಗಿದ್ದೇನೆ. ಊಟ ಆಯಿತು. ಇವತ್ತು ಕೆಲಸ ಜಾಸ್ತಿ, ಬಿಡುವಾದಾಗ ಬರೆಯುತ್ತೇನೆ. ನೀನು ಮಾತ್ರೆ ಮರೆಯಬೇಡ." ಬರೆದು, ಓದಿ, ಮತ್ತೆ ಓದಿ, ಅವನಿಗೂ ಓದಿಸಿ, ಗುಂಡಿ ಒತ್ತಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಮೌಸಿನ ಮೇಲಿದ್ದ ಅವಳ ಕೈಯ ಮೇಲೆ ಅವನು ತನ್ನ ಕೈ ಇಟ್ಟ.

"ಏನೇ ಆಗ್ಲಿ, ಅಮ್ಮನಿಗೆ ಗೊತ್ತಾಗಬಾರದು ರೀ. ನನ್ನಾಣೆ," ಅಂದಳು. ಏನೇ ಆಗಲಿ ಅಂದರೆ ಏನು ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಮರುದಿನ ಬೆಳಗ್ಗೆ ಅವಳನ್ನು ಒಳಗೆ ಕರೆದೊಯ್ದರು. ಬಳೆ, ವಾಚು, ಫೋನು ಅವನ ಕೈಗೆ ಬಂದವು. ಬೆಂಚಿನ ಎದುರಿಗೆ ಬಾಗಿಲು, ಬಾಗಿಲ ಮೇಲೆ ಕೆಂಪು ದೀಪ. ಅವನು ಸರಿಯಾಗಿ ಕೂರುವಷ್ಟರಲ್ಲಿ ಅವಳ ಫೋನು ಗುಂಯ್ ಎಂದಿತು.

ಅತ್ತೆಯ ಮೇಲ್. "ಮಧ್ಯಾಹ್ನ ಕರೆಂಟ್ ಇರಲ್ವಂತೆ, ಅದಕ್ಕೆ ಈಗಲೇ ಬರೀತಿದ್ದೀನಿ. ತಿಂಡಿ ಆಯ್ತಾ?"

ಅವನು ಓದುವಷ್ಟರಲ್ಲಿ ಉತ್ತರ ಹೋಗಿಯೇ ಬಿಟ್ಟಿತ್ತು: ಊಟ ಆಯಿತು. ಜನ ಇನ್ನೂ ಹಲ್ಲುಜ್ಜುವ ಹೊತ್ತಿಗೆ ಊಟ! ಗಂಡ ಹೆಂಡತಿ ಇಬ್ಬರೂ ಅಷ್ಟು ಸಲ ಓದಿದರೂ ಇದು ಹೊಳೆದಿರಲಿಲ್ಲ. ದಿನಾ ಮಧ್ಯಾಹ್ನ ಬರೆಯುವವರು ಮಧ್ಯಾಹ್ನವೇ ಬರೆಯುತ್ತಾರೆ ಎಂದುಕೊಂಡಿದ್ದರು, ಬುದ್ಧಿವಂತರು.

ಮತ್ತೆ ಗುಂಯ್. "ಬೆಳಬೆಳಗ್ಗೆ ಯಾವ ಊಟಾನೇ?"

"ಅಮ್ಮಾ, ನಾನು ಚೆನ್ನಾಗಿದ್ದೇನೆ. ಊಟ ಆಯಿತು."

"ಅದನ್ನೇ ಯಾಕೆ ಬರೀತಿದ್ದೀಯ? ತಮಾಷೆನಾ?"

"ಅಮ್ಮಾ, ನಾನು ಚೆನ್ನಾಗಿದ್ದೇನೆ."

ನಿಲ್ಲಿಸೋಣವೆಂದರೆ ಆ ವ್ಯವಸ್ಥೆ ಇದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ. ಫೋನಿನಲ್ಲಿ ಬರುವುದನ್ನೂ ಹೋಗುವುದನ್ನೂ ನೋಡಬಹುದಿತ್ತು, ತಡೆಯುವಂತಿರಲಿಲ್ಲ. ಭಾವಮೈದುನನಿಗೆ ಕರೆ ಮಾಡಿದ, ಅವನು ಎತ್ತಲಿಲ್ಲ. ಬಾಗಿಲು ತೆರೆಯಿತು, ಎದ್ದು ನಿಂತ. ನರ್ಸು ಅವನತ್ತ ನೋಡದೆ ಓಡುವಂತೆ ಹೋಗಿ, ಎರಡು ರಕ್ತದ ಚೀಲ ಹಿಡಿದು ಹಾಗೆಯೇ ಒಳಗೆ ಹೋದಳು.

"ಸಿಸ್ಟರ್, ಯಾರಿಗೆ ಅದು?"

"ಆಮೇಲೆ ಹೇಳ್ತಾರೆ, ಕೂತ್ಕೊಳ್ಳಿ."

ಕೂರಲು ಹೇಗೆ ಸಾಧ್ಯ? ಒಳಗೆ ಎಷ್ಟೋ ಜನರನ್ನು ಕರೆದೊಯ್ದಿದ್ದಾರೆ, ಆ ರಕ್ತ ಬೇರೆಯವರಿಗೂ ಇರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನಸ್ಸು ಒಪ್ಪಲಿಲ್ಲ. ಫೋನು ಸುಮ್ಮನಾಗಿತ್ತು, ಅದು ಇನ್ನೂ ಕೆಟ್ಟದಾಗಿತ್ತು. ಬಾಗಿಲು ನೋಡುವುದು, ಫೋನು ನೋಡುವುದು, ಹೀಗೇ ನಡೆಯಿತು. ಒಳಗೆ ಒಬ್ಬಳು, ಅಲ್ಲಿ ಒಬ್ಬರು, ನಡುವೆ ಇವನು. ಅತ್ತೆಗೆ ಅಲ್ಲೇ ಏನಾದರೂ ಆಗಿದ್ದರೆ ಅದನ್ನು ಹೆಂಡತಿಗೆ ಹೇಗೆ ಹೇಳುವುದು ಎಂದು ಯೋಚಿಸಿ ಬೆವತುಹೋದ. ಆಗ ಉದ್ದದ ಮೇಲ್ ಬಂತು.

"ಅಳಿಯಂದ್ರೆ, ಇದನ್ನ ನೀವೇ ಓದ್ತಿರೋದು ಅಂತ ಗೊತ್ತು. ಉತ್ತರ ಕೊಡ್ತಿರೋದು ನನ್ನ ಮಗಳಲ್ಲ. ಒಂದೇ ಮಾತು ಎರಡು ಸಲ ಕೇಳಿದರೆ ನನ್ನ ಮೇಲೆ ಉರಿದು ಬೀಳೋಳು ಅವಳು. ಇದು ಎಷ್ಟು ಸಲ ಕೇಳಿದರೂ ಅಮ್ಮಾ ಅಮ್ಮಾ ಅಂತ ನಯವಾಗಿ ಮಾತಾಡ್ತಿದೆ. ಹೋದ ತಿಂಗಳು ಬಂದಾಗ ಅವಳು ಎಡಗೈ ಎತ್ತಲಿಲ್ಲ, ನಾನು ತಬ್ಬಿಕೊಳ್ಳೋಕೆ ಹೋದರೆ ಹಿಂದೆ ಸರಿದಳು. ಆವತ್ತಿಂದ ನನಗೆ ನಿದ್ದೆಯಿಲ್ಲ. ಎಲ್ಲಿದ್ದಾಳೆ? ಇದ್ದಾಳಾ? ಅಷ್ಟು ಹೇಳಿ ಸಾಕು."

ಅವನು ಓದಿ ಮುಗಿಸುವ ಮೊದಲೇ ಯಂತ್ರ ಉತ್ತರ ಕೊಟ್ಟಿತ್ತು. ಅಮ್ಮಾ, ನಾನು ಚೆನ್ನಾಗಿದ್ದೇನೆ. ಊಟ ಆಯಿತು.

ಆ ಕ್ಷಣ ಅವನಿಗೆ ಆ ಸಾಲಿನ ಮೇಲೆ ಬಂದ ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನಂತೆ ಒದ್ದಾಡಿದ. ಹೇಳಿದರೆ ಅತ್ತೆಯ ಹೃದಯ ನಿಲ್ಲಬಹುದು, ಹೇಳದಿದ್ದರೂ ನಿಲ್ಲಬಹುದು. ಇತ್ತ ಹೆಂಡತಿಯ ಆಣೆ. ಕೊನೆಗೆ ಒಳ್ಳೆಯದು ಕೆಟ್ಟದ್ದು ತೂಗಿ ನೋಡಲೂ ಶಕ್ತಿಯಿಲ್ಲದೆ, ತನ್ನ ಫೋನು ತೆಗೆದು ಬರೆದ: "ಎದೇಲಿ ಗಂಟಿತ್ತು ಅತ್ತೆ. ಆಪರೇಷನ್ ನಡೀತಿದೆ. ಇನ್ನೂ ಹೊರಗೆ ಬಂದಿಲ್ಲ. ನನಗೆ ತುಂಬಾ ಭಯ ಆಗ್ತಿದೆ."

ಕಳಿಸಿದ ಮೇಲೆ ಕಣ್ಣು ಮುಚ್ಚಿಕೊಂಡ. ಉತ್ತರ ಬಂದಾಗ ತೆರೆಯಲು ಹೆದರಿದ.

"ಭಯ ಬೇಡ. ನಾನು ಹೊರಟೆ. ಮಗನಿಗೆ ಕಾರು ತಾ ಅಂತ ಹೇಳಿ ಕಳಿಸಿದ್ದೀನಿ, ಬರದೆ ಎಲ್ಲಿ ಹೋಗ್ತಾನೆ? ಆದ್ರೆ ಒಂದು ಮಾತು. ನನಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳಬೇಡಿ. ಎಚ್ಚರಾದ ತಕ್ಷಣ ನನ್ನ ಹೃದಯದ ಚಿಂತೇಲೇ ಅರ್ಧ ಸಾಯ್ತಾಳೆ. ನಾನು ಬರೆದಿದ್ದನ್ನೆಲ್ಲ ಅವಳ ಫೋನಿಂದ ಅಳಿಸಿಬಿಡಿ. ಅವಳು ಓದೋಕೆ ಅಂತ ಬೇರೆ ಒಂದು ಕಳಿಸ್ತೀನಿ."

ಅವನು ಒಂದೊಂದಾಗಿ ಅಳಿಸಿದ. ಕೊನೆಯದನ್ನು ಅಳಿಸುವಾಗ ಅಕ್ಷರ ಕಾಣದೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಮಧ್ಯಾಹ್ನ ಸರಿದ ಮೇಲೆ ಡಾಕ್ಟರು ಹೊರಗೆ ಬಂದರು. ಗಂಟು ತೆಗೆದಿದ್ದೇವೆ, ರಕ್ತ ಸ್ವಲ್ಪ ಹೆಚ್ಚು ಹೋಯಿತು, ಈಗ ಪರವಾಗಿಲ್ಲ, ಉಳಿದದ್ದು ಪರೀಕ್ಷೆಯ ವರದಿ ಬಂದ ಮೇಲೆ, ಅಂದರು. ಅವನು ಅವರ ಕೈ ಹಿಡಿದುಕೊಂಡವನು ಬಿಡುವುದನ್ನೇ ಮರೆತ.

ಸಂಜೆ ವಾರ್ಡಿನಲ್ಲಿ ಅವಳಿಗೆ ಪೂರ್ತಿ ಎಚ್ಚರವಾಯಿತು. ತುಟಿ ಒಣಗಿತ್ತು. ನೀರು ಕೇಳಲಿಲ್ಲ, ನೋವು ಎನ್ನಲಿಲ್ಲ.

"ಅಮ್ಮ ಬರೆದಿದ್ಲಾ?"

ಅವನು ಫೋನು ಅವಳ ಮುಖದ ಮುಂದೆ ಹಿಡಿದ. ಅವಳು ನಿಧಾನವಾಗಿ ಓದಿದಳು: "ನಿನ್ನ ಉತ್ತರ ಸಿಕ್ತು. ಕೆಲಸ ಮುಗಿಸಿಕೋ, ಅವಸರ ಇಲ್ಲ. ನಾನು ಮನೇಲಿ ಆರಾಮಾಗಿ ಮಲಗಿದ್ದೀನಿ."

"ಪಾಪ, ನಂಬಿಬಿಟ್ಟಿದ್ದಾಳೆ," ಎಂದು ಅವಳು ನಕ್ಕಳು. ನಕ್ಕದ್ದಕ್ಕೆ ನೋವಾಗಿ ಮುಖ ಕಿವುಚಿದಳು. "ಸದ್ಯ. ಇನ್ನು ನಿಶ್ಚಿಂತೆಯಾಗಿ ಮಲಗ್ತೀನಿ."

"ಮಲಕ್ಕೋ," ಅಂದ. ಅವಳ ಉಸಿರು ಒಂದೇ ಸಮ ಆಗುವವರೆಗೂ ಅಲುಗಾಡದೆ ಕೂತಿದ್ದ. ಆಮೇಲೆ ಮೆಲ್ಲಗೆ ಎದ್ದು, ವಾರ್ಡಿನ ಬಾಗಿಲು ತೆರೆದು, ಅಷ್ಟು ಹೊತ್ತೂ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅತ್ತೆಯನ್ನು ಕೈ ಹಿಡಿದು ಒಳಗೆ ಕರೆದ.